ಪಾಗಾರದ ಮೇಲಣ ಹಸಿರು

ಆಟಿಯ ಮಳೆ ಹಿಡಿಯಿತೆಂದರೆ ಉಡುಪಿಯಿಂದ ಕಾರ್ಕಳದವರೆಗೂ ಮುರಕಲ್ಲಿನ ಪಾಗಾರಗಳು ಹಸಿರುಡುತ್ತವೆ. ಜನರು ಅದೆಲ್ಲವನ್ನೂ ‘ಪಾಚಿ’ ಎಂಬ ಒಂದೇ ಮಾತಿನಲ್ಲಿ ಮುಗಿಸಿ, ಜಾರುವ ಭಯದಿಂದ ಕೆರೆದೆಸೆಯುವುದುಂಟು. ಆದರೆ ಅಂಗಳದಲ್ಲಿ ಕಾಲು ಜಾರಿಸುವ ಲೋಳೆ ಬಹುಮಟ್ಟಿಗೆ ಪಾಚಿ. ಗೋಡೆಯ ಮೇಲೆ ಮಖಮಲ್ಲಿನಂತೆ ಹಾಸಿರುವುದು ಹಾವಸೆ. ಭೂತಗನ್ನಡಿ ಹಿಡಿದರೆ ಪುಟ್ಟ ಕಾಂಡ, ಅದರ ಸುತ್ತ ಎಲೆಗಳು, ಕೆಲವುದರ ತುದಿಯಲ್ಲಿ ಬೀಜಕಗಳನ್ನು ತುಂಬಿಕೊಂಡ ಕರಂಡಿಕೆ ಕಾಣುತ್ತವೆ. ನಿಜವಾದ ಬೇರಿಲ್ಲ, ಎಲೆಗಳೇ ನೀರು ಹೀರುತ್ತವೆ.

ತೋಡಿನ ದಂಡೆಯ ತಂಪು ನೆಲಕ್ಕೆ ಚಪ್ಪಟೆಯಾಗಿ ಅಂಟಿ ಕವಲೊಡೆಯುವ ಹಸಿರು ಪಟ್ಟಿ ಹಾವಸೆಯ ದಾಯಾದಿಯಾದ ಲಿವರ್‌ವರ್ಟ್. ಯಕೃತ್ತಿನ ಹೋಲಿಕೆ ಕಂಡು ಯೂರೋಪಿನವರು ಇಟ್ಟ ಹೆಸರದು. ಈ ಎರಡರಲ್ಲಿಯೂ ಗಂಡುಕಣವು ಹೆಣ್ಣನ್ನು ಸೇರಲು ನೀರಿನಲ್ಲಿ ಈಜಿಯೇ ಹೋಗಬೇಕು. ಮಳೆಗಾಲವೇ ಇವುಗಳ ಮದುವೆಯ ಕಾಲ. ಆದರೆ ಸಮುದ್ರದ ನೀರು ಇವಕ್ಕೆ ಒಗ್ಗದು. ಕಾಪುವಿನಲ್ಲಿ 1901ರ ದೀಪಸ್ತಂಭದ ಬಳಿ ಅಲೆ ತೊಳೆಯುವ ಬಂಡೆಗಳ ಹಸಿರು ಕಡಲ ಪಾಚಿಯೇ ಹೊರತು ಹಾವಸೆಯಲ್ಲ.

ಬೇಸಗೆಯಲ್ಲಿ ಮಣಿಪಾಲದ ಗುಡ್ಡ ಕಾದಾಗ, ಹಯೋಫಿಲದಂಥ ಗೋಡೆಯ ಹಾವಸೆಗಳು ಎಲೆ ಸುರುಳಿ ಸುತ್ತಿ ಕಂದು ಹುಡಿಯಂತಾಗುತ್ತವೆ. ಸತ್ತವೆಂದು ಕೆರೆಯುವ ಮೊದಲು ನಾಲ್ಕು ಹನಿ ನೀರು ಚಿಮುಕಿಸಿ ನೋಡಬೇಕು. ಕೆಲವೇ ನಿಮಿಷಗಳಲ್ಲಿ ಎಲೆ ಬಿಚ್ಚಿ ಹಸಿರಾಗುತ್ತವೆ. ನಡೆದಾಡುವ ಅಂಗಳವನ್ನು ಉಜ್ಜುವುದು ಅವಶ್ಯವೇ ಸರಿ. ಯಾರೂ ತುಳಿಯದ ಪಾಗಾರವನ್ನು ಉಜ್ಜಿ ಪಡೆಯುವುದಾದರೂ ಏನು?