ಪಿನ್ನು ಚಿಕ್ಕದು, ಹೊರೆ ದೊಡ್ಡದು

ಟ್ರ್ಯಾಕ್ಟರ್ ಕೊಳ್ಳುವಾಗ ನಾವು ಹಾರ್ಸ್‌ಪವರ್ ಕೇಳುತ್ತೇವೆ, ಡೀಸೆಲ್ ಎಷ್ಟು ಕುಡಿಯುತ್ತೆ ಕೇಳುತ್ತೇವೆ, ಸಾಲದ ಕಂತು ಕೇಳುತ್ತೇವೆ. ಟ್ರೇಲರ್ ಕೊಳ್ಳುವಾಗ ತಗಡಿನ ದಪ್ಪ, ಟೈರು, ಬಣ್ಣ ನೋಡುತ್ತೇವೆ. ಇವೆರಡನ್ನೂ ಸೇರಿಸುವ ಕೊಂಡಿ ಯಾವುದು, ಪಿನ್ನು ಎಂಥದು ಅಂತ ಕೇಳುವವರನ್ನು ನಾನು ಬಂಗಾರಪೇಟೆ ಕಡೆ ಕಂಡಿದ್ದು ಕಡಿಮೆ. ನಾಲ್ಕೈದು ಟನ್ ಹೊರೆ ನಿಂತಿರುವುದು ಆ ಗೇಣುದ್ದದ ಕಬ್ಬಿಣದ ಮೇಲೆ. ಅದನ್ನು ಅಂಗಡಿಯವರ ಇಷ್ಟಕ್ಕೆ ಬಿಡಬಾರದು, ರೈತನೇ ನೋಡಿ ಆರಿಸಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮದು ಮಳೆ ನಂಬಿದ ಬೇಸಾಯ. ರಾಗಿ, ಅವರೆ, ಕಡ್ಲೇಕಾಯಿ, ಒಂದಷ್ಟು ಮಾವು. ನಮ್ಮ ಕಡೆ ಟ್ರ್ಯಾಕ್ಟರ್ ಉಳುವ ದಿನಕ್ಕಿಂತ ಎಳೆಯುವ ದಿನವೇ ಜಾಸ್ತಿ. ಹೊಲಕ್ಕೆ ಗೊಬ್ಬರ, ಮನೆಗೆ ಹುಲ್ಲು, ಕೋಲಾರದ ಎಪಿಎಂಸಿಗೆ ಟೊಮ್ಯಾಟೊ, ಶ್ರೀನಿವಾಸಪುರದ ಮಂಡಿಗೆ ಮಾವು. ಬೇಸಿಗೆ ಬಂದರೆ ನೀರಿನ ಟ್ಯಾಂಕರ್. ಹಾಗಾಗಿ ನೇಗಿಲಿಗಿಂತ ಕೊಂಡಿಗೇ ಕೆಲಸ ಹೆಚ್ಚು.

ಮೊದಲ ಪ್ರಶ್ನೆ, ಎಲ್ಲಿಗೆ ಕಟ್ಟಬೇಕು? ಟ್ರ್ಯಾಕ್ಟರಿನ ಹಿಂದೆ ಕೆಳಗಡೆ ಗಟ್ಟಿಯಾಗಿ ಕೂರಿಸಿರುವ ಹುಕ್ಕು ಇರುತ್ತೆ. ಟ್ರೇಲರ್‌ಗೆ ಅದೇ ಸರಿಯಾದ ಜಾಗ. ಕೆಲವರು ಲಿಫ್ಟಿನ ಎರಡು ತೋಳುಗಳ ಮಧ್ಯೆ ಹಾಕುವ ತೂತಿನ ಪಟ್ಟಿಗೇ ಟ್ರೇಲರ್ ಸಿಕ್ಕಿಸುತ್ತಾರೆ. ಸುಲಭ ಏನೋ ಹೌದು. ಆದರೆ ಆ ತೋಳುಗಳು ಮೇಲೆ ಕೆಳಗೆ ಆಡುವಂಥವು, ಅಕ್ಕಪಕ್ಕಕ್ಕೂ ಓಲಾಡುತ್ತವೆ. ಹಗುರ ಉಪಕರಣಕ್ಕೆ ಆಗಬಹುದು, ರಸ್ತೆಯ ಹೊರೆಗೆ ಬೇಡ. ಇನ್ನು ಸಿಕ್ಕಿಕೊಂಡ ಗಾಡಿ ಎಳೆಯಲು ಟಾಪ್ ಲಿಂಕಿನ ಜಾಗಕ್ಕೆ ಸರಪಳಿ ಕಟ್ಟುವುದಂತೂ ಪ್ರಾಣಕ್ಕೇ ಅಪಾಯ. ಎಳೆಯುವ ಜಾಗ ಹಿಂದಿನ ಆಕ್ಸಲ್‌ಗಿಂತ ಮೇಲಿದ್ದರೆ, ಹೊರೆ ಕದಲದಿದ್ದಾಗ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತೆ. ಕ್ಲಚ್ ತುಳಿಯುವಷ್ಟರಲ್ಲಿ ಅದು ಓಡಿಸುವವನ ಮೇಲೇ ಮಗುಚುತ್ತೆ.

ಎರಡನೆಯದು ಭಾರ. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗಾಡಿ ಮುಂಭಾರವಾದರೆ ಎತ್ತಿನ ಹೆಗಲು ಹುಣ್ಣಾಗುತ್ತೆ. ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತೆ. ಎರಡು ಚಕ್ರದ ಟ್ರೇಲರ್‌ಗೂ ಇದೇ ಲೆಕ್ಕ. ಸ್ವಲ್ಪ ಭಾರ ಮುಂದಕ್ಕೆ ಬಿದ್ದರೆ ಟ್ರ್ಯಾಕ್ಟರಿನ ಹಿಂದಿನ ಚಕ್ರಕ್ಕೆ ನೆಲ ಹಿಡಿಯುವ ಶಕ್ತಿ ಬರುತ್ತೆ. ವಿಪರೀತ ಬಿದ್ದರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳಲ್ಲ. ಹಿಂದಕ್ಕೆ ಬಿದ್ದರೆ ಕೊಂಡಿಯನ್ನೇ ಮೇಲಕ್ಕೆ ಎತ್ತುತ್ತೆ. ನಾಲ್ಕು ಚಕ್ರದ ಟ್ರೇಲರ್ ತನ್ನ ಭಾರ ತಾನೇ ಹೊರುತ್ತೆ, ಕೊಂಡಿಗೆ ಎಳೆತ ಮಾತ್ರ. ಆದರೆ ರಿವರ್ಸ್ ಮಾಡುವುದು ಕಷ್ಟ. ಹೊಲ, ಕಣ, ಊರಿನ ಓಣಿಗೆ ಎರಡು ಚಕ್ರದ್ದು, ಮಂಡಿಯ ದೂರದ ದಾರಿಗೆ ನಾಲ್ಕು ಚಕ್ರದ್ದು ವಾಸಿ ಎಂದು ನನಗೆ ಅನ್ನಿಸುತ್ತೆ.

ನೀರಿನ ಟ್ಯಾಂಕರ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. 5,000 ಲೀಟರ್ ಅಂದರೆ 5 ಟನ್, ಟ್ಯಾಂಕಿನ ಕಬ್ಬಿಣ ಬೇರೆ. ಎಳೆಯುವ ಟ್ರ್ಯಾಕ್ಟರ್ ಸುಮಾರು 2 ಟನ್. ತನಗಿಂತ ಎರಡೂವರೆ ಪಟ್ಟು ಭಾರದ ವಸ್ತುವನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಜಾರು ಇಳಿಯುತ್ತೆ ಅದು. ಟ್ಯಾಂಕು ಅರ್ಧ ತುಂಬಿದ್ದರೆ ಇನ್ನೂ ಕಷ್ಟ. ಬ್ರೇಕ್ ಹಾಕಿದಾಗ ನೀರು ಮುಂದಕ್ಕೆ ನುಗ್ಗಿ ಪಿನ್ನಿಗೆ ಗುದ್ದುತ್ತೆ, ಹೊರಟಾಗ ಹಿಂದಕ್ಕೆ ಜಗ್ಗುತ್ತೆ. ಒಳಗೆ ಅಡ್ಡತಗಡು ಇರುವ ಟ್ಯಾಂಕನ್ನೇ ಕೇಳಿ ಮಾಡಿಸಬೇಕು.

ಇನ್ನು ಪಿನ್ನು. ನಮ್ಮ ಕಡೆ ಪಿನ್ನು ಕಳೆದರೆ ಕೈಗೆ ಸಿಕ್ಕ ಸರಳು ಕತ್ತರಿಸಿ ಹಾಕುವುದು ರೂಢಿ. ಕಬ್ಬಿಣವೆಲ್ಲ ಒಂದೇ ಅಲ್ಲ. ಕಟ್ಟಡದ ಕಂಬಿ, ಹಳೇ ಬೋಲ್ಟು ಈ ಕೆಲಸಕ್ಕೆ ಮಾಡಿದ್ದಲ್ಲ. ಟ್ರೇಲರ್‌ಗೆಂದೇ ಮಾಡಿದ ಗಟ್ಟಿ ಉಕ್ಕಿನ ಪಿನ್ನು ಹಾಕಬೇಕು, ಅದು ತೂತಿಗೆ ಸರಿಯಾಗಿ ಕೂರಬೇಕು. ಸಡಿಲ ಇದ್ದರೆ ಪ್ರತಿ ಹಳ್ಳಕ್ಕೂ ಒಂದು ಏಟು ತಿಂದು ತೂತು ಮೊಟ್ಟೆಯಾಕಾರ ಆಗುತ್ತೆ. 30 ಮಿಲಿಮೀಟರ್ ಪಿನ್ನು ಸುತ್ತಲೂ ಸವೆದು 27 ಆದರೆ ಹೋಗಿದ್ದು ಮೂರೇ ಮಿಲಿಮೀಟರ್ ಅಂದುಕೊಳ್ಳುತ್ತೇವೆ. ಬಲದ ಲೆಕ್ಕದಲ್ಲಿ ಐದರಲ್ಲಿ ಒಂದು ಪಾಲು ಹೋಗಿರುತ್ತೆ. ಸವೆದ ಪಿನ್ನಿಗೆ ವೆಲ್ಡಿಂಗ್ ತುಂಬಿಸುವುದೂ ಬೇಡ. ಗಟ್ಟಿ ಉಕ್ಕು ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡಬಹುದು. ಗಾಡಿ ಚಕ್ರಕ್ಕೆ ಕಡಾಣಿ ಇದ್ದ ಹಾಗೆ ಪಿನ್ನಿನ ಕೆಳಗೆ ಕ್ಲಿಪ್ಪು ಇರಲೇಬೇಕು. ಅದರ ಜಾಗದಲ್ಲಿ ಬೈಂಡಿಂಗ್ ವೈರ್ ಸುತ್ತುವುದು ಕ್ಲಿಪ್ಪಿಗೆ ಸಮವಲ್ಲ.

ಇಷ್ಟಾದರೂ ಒಂದು ದಿನ ಪಿನ್ನು ಮುರಿಯಬಹುದು. ಬಂಗಾರಪೇಟೆ ಜಂಕ್ಷನ್ನಿನಲ್ಲಿ ನಿಂತ ರೈಲನ್ನು ನೋಡಿ. ಬೋಗಿಗಳ ನಡುವೆ ಕೊಂಡಿಯ ಜೊತೆ ಗಾಳಿಯ ಪೈಪೂ ಇರುತ್ತೆ. ಕೊಂಡಿ ಕಳಚಿ ಪೈಪು ಬಿಟ್ಟುಕೊಂಡರೆ ಎರಡೂ ತುಂಡಿಗೆ ಬ್ರೇಕ್ ತಾನಾಗಿ ಬೀಳುತ್ತೆ. ನಮ್ಮ ಹೆಚ್ಚಿನ ಟ್ರೇಲರ್‌ಗಳಲ್ಲಿ ಬ್ರೇಕೇ ಇಲ್ಲ. ಅದಕ್ಕಾಗಿ ಕೊಂಡಿಯ ಜೊತೆ ಒಂದು ದಪ್ಪ ಸರಪಳಿ ಬೇಕು. ತಿರುವಿಗೆ ಸಾಕಾಗುವಷ್ಟೇ ಸಡಿಲ ಇರಲಿ, ನೆಲಕ್ಕೆ ಎಳೆಯುವಷ್ಟು ಬೇಡ. ಜೊತೆಗೆ ರಸ್ತೆಗೆ ಇಳಿಯುವ ಮುಂಚೆ ಎಡ ಬಲ ಬ್ರೇಕ್ ಪೆಡಲ್‌ಗಳನ್ನು ಜೋಡಿಸಬೇಕು. ಇಳಿಜಾರಿನಲ್ಲಿ ನ್ಯೂಟ್ರಲ್ ಕೂಡದು. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತೆ.

"ಇಪ್ಪತ್ತು ವರ್ಷದಿಂದ ಹೀಗೇ ಓಡಿಸ್ತಾ ಇದೀವಿ, ಏನೂ ಆಗಿಲ್ಲ" ಅನ್ನುವವರು ಇದ್ದಾರೆ. ಆಗದಿದ್ದುದು ಅವರ ಪುಣ್ಯ. ಹೊರೆಯ ಮೇಲೆ ಕೂತು ಬರುವವರು ಯಾರು? ಕಳೆ ಕಿತ್ತು ದಣಿದ ಹೆಂಗಸರು, ಕೊಯ್ಲಿಗೆ ಬಂದ ಆಳುಗಳು, ಹಬ್ಬಕ್ಕೆ ಹೊರಟ ಮಕ್ಕಳು. ಒಬ್ಬಿಬ್ಬರು ಕೊಂಡಿಯ ಮೇಲೇ ಕಾಲಿಟ್ಟು ನಿಲ್ಲುತ್ತಾರೆ. ಟ್ರೇಲರ್ ಜನ ಸಾಗಿಸಲು ಇರುವುದಲ್ಲ. ಹೊತ್ತಿಗೆ ಬಸ್ಸಿಲ್ಲದ ಊರಿನಲ್ಲಿ ಬೇಡ ಎಂದು ಹೇಳುವುದು ಕಷ್ಟ, ನನಗೂ ಗೊತ್ತು. ಆದರೂ ಕೊಂಡಿಯ ಮೇಲೆ ನಿಲ್ಲುವುದನ್ನಾದರೂ ಇವತ್ತಿನಿಂದಲೇ ನಿಲ್ಲಿಸಬಹುದು. ಅದಕ್ಕೆ ಯಾರ ದುಡ್ಡೂ ಬೇಡ.

ಕಬ್ಬಿಣದ ಕೆಲಸ ಬಲ್ಲವರಿಗೆ ನಮ್ಮಲ್ಲಿ ಬರವಿಲ್ಲ. ಕೆ.ಜಿ.ಎಫ್. ಗಣಿ 2001ರಲ್ಲಿ ಮುಚ್ಚಿದರೂ ಅಲ್ಲಿ ಫಿಟ್ಟರ್, ವೆಲ್ಡರ್ ಕೆಲಸದ ಪರಂಪರೆ ಇದೆ, ಬೆಮೆಲ್ ಕಾರ್ಖಾನೆ ಇದೆ. ಟ್ರೇಲರ್ ಮಾಡುವವರು ಸರಿಯಾದ ಪಿನ್ನು, ಕ್ಲಿಪ್ಪು, ಸರಪಳಿ ಸೇರಿಸಿಯೇ ಮಾರಲಿ. ಇಲ್ಲದಿದ್ದರೆ ಕೊಳ್ಳುವ ನಾವು ಹಣ ಎಣಿಸುವ ಮುಂಚೆ ಕೇಳೋಣ. ಒಂದು ಟೈರಿನ ಬೆಲೆಯ ಮುಂದೆ ಇದರ ಖರ್ಚು ಏನೂ ಅಲ್ಲ. ಪಂಚಾಯ್ತಿಗೆ ಬಾಡಿಗೆ ಓಡುವ ಟ್ಯಾಂಕರ್‌ಗಳ ಕೊಂಡಿಯನ್ನು ಬೇಸಿಗೆ ಶುರುವಾಗುವ ಮುಂಚೆ ಒಮ್ಮೆ ನೋಡಿಸಬೇಕೆಂದು ಗ್ರಾಮಸಭೆಯಲ್ಲಿ ಹೇಳೋಣ. ಓದುಗ ಮಿತ್ರರು ನಾಳೆ ಬೆಳಿಗ್ಗೆ ಟ್ರ್ಯಾಕ್ಟರ್ ಹೊರಡಿಸುವ ಮುಂಚೆ ಪಿನ್ನು ಹೊರಗೆ ತೆಗೆದು, ಒರೆಸಿ, ಬೆಳಕಿಗೆ ಹಿಡಿದು ನೋಡಲಿ. ಸೊಂಟ ಸವೆದಿದ್ದರೆ ಗುಜರಿಗೆ ಹಾಕಿ ಹೊಸದು ತರಲಿ.