ಗಣಿಯ ನೆನಪು ಯಾರ ಸ್ವತ್ತು?

ಕೋಲಾರದ ಚಿನ್ನದ ಗಣಿಗೆ 2001ರ ಫೆಬ್ರವರಿ 28ರಂದು ಬೀಗ ಬಿತ್ತು. ಗಣಿ ಬದುಕಿದ್ದಾಗ ಅತ್ತ ತಿರುಗಿಯೂ ನೋಡದವರಿಗೆ ಈಗ ಅದರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿದೆ. ಪರಂಪರೆ ಉಳಿಸಬೇಕು ಅಂತಾರೆ. ಮ್ಯೂಸಿಯಂ ಕಟ್ಟಬೇಕು, ಪ್ರವಾಸಿಗಳನ್ನು ಕರೆತರಬೇಕು, ಇಂಗ್ಲಿಷರ ಬಂಗಲೆಗಳಿಗೆ ಸುಣ್ಣ ಹೊಡೆಸಬೇಕು, ಕ್ಲಬ್ಬಿನ ಮೇಜು ಕುರ್ಚಿಗಳನ್ನು ಒರೆಸಿ ಇಡಬೇಕು ಅಂತಾರೆ. ಮಾಡಲಿ. ಆದರೆ ಒಂದು ಮಾತು ಕೇಳಲೇಬೇಕು. ಯಾರ ಪರಂಪರೆ ಸ್ವಾಮಿ ಅದು?

ಇಲ್ಲಿಯವರೆಗೆ ನಮಗೆ ಹೇಳಿಕೊಂಡು ಬಂದ ಕಥೆ ಹೀಗಿದೆ. 1802ರಲ್ಲಿ ವಾರನ್ ಎಂಬ ಅಧಿಕಾರಿ ಈ ಕಡೆಯ ಹಳ್ಳಿ ಜನ ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡ. 1873ರಲ್ಲಿ ಲವೆಲ್ ಎಂಬ ನಿವೃತ್ತ ಸೈನಿಕ ಸರ್ಕಾರಕ್ಕೆ ಅರ್ಜಿ ಹಾಕಿದ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟು ಕೊಟ್ಟರು. ಬೆಂಗಳೂರಿನ ಬೀದಿಗೆ ಅದೇ ದೀಪ ಬಂದದ್ದು 1905ರಲ್ಲಿ. 1965ರಲ್ಲಿ ವಿಜ್ಞಾನಿಗಳು ಗಣಿಯ ಆಳದಲ್ಲಿ ನ್ಯೂಟ್ರಿನೊ ಎಂಬ ಕಣದ ಸುಳಿವು ಹಿಡಿದರು. ಎಲ್ಲಾ ನಿಜವೇ. ಕಣ್ಣಿಗೆ ಕಾಣದ ಕಣ ಕೂಡ ಈ ಕಥೆಯಲ್ಲಿ ಸಿಕ್ಕಿತು. ಕಣ್ಣೆದುರಿಗೇ ಇದ್ದ ಕೂಲಿಯವನು ಮಾತ್ರ ಸಿಗಲಿಲ್ಲ.

ಅವನು ಯಾರು? ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯಿಂದ ಬರ, ಜೀತ, ಊರಗೌಡರ ಹೊಡೆತ ತಾಳಲಾರದೆ ಓಡಿಬಂದವನು. ಬಹುಪಾಲು ಆದಿದ್ರಾವಿಡರು. ನಮ್ಮ ಹೊಲಗೇರಿಯವರ ದಾಯಾದಿಗಳೇ. ಒಂದು ಕಾಲಕ್ಕೆ 30 ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿ ದುಡಿದರು. ಬಿದಿರು ತಟ್ಟಿಯ ಗುಡಿಸಲಲ್ಲಿ ಮಲಗಿದರು. ಭೂಮಿಯೊಳಕ್ಕೆ 3 ಕಿಲೋಮೀಟರಿಗೂ ಆಳ ಇಳಿದರು. ಅಲ್ಲಿ ಬಂಡೆಯ ಕಾವು 60 ಡಿಗ್ರಿ ದಾಟುತ್ತಿತ್ತು. ಬಂಡೆ ತನ್ನಷ್ಟಕ್ಕೆ ತಾನೇ ಸಿಡಿದು ಆಳನ್ನು ಅಲ್ಲೇ ಹೂಳುತ್ತಿತ್ತು. 120 ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಮೇಲೆ ಬಂತು. ಅದನ್ನು ತೋಲಾ ಲೆಕ್ಕದಲ್ಲಿ ಬರೆದಿಟ್ಟವರು, ಮೇಲೆ ಬಾರದೆ ಉಳಿದ ಮನುಷ್ಯರನ್ನು ಅಷ್ಟೇ ಜೋಪಾನವಾಗಿ ಬರೆದಿಟ್ಟಿದ್ದಾರೆಯೆ? ಬರೆದಿದ್ದರೆ ಆ ಪುಸ್ತಕ ಎಲ್ಲಿ? ನಮಗೆ ಮೊದಲು ಬೇಕಾದದ್ದು ಆ ಪುಸ್ತಕ.

ಇಲ್ಲಿ ನಮ್ಮ ಕನ್ನಡದ ವಿದ್ವಾಂಸರಿಗೂ ಒಂದು ಮಾತು. ನಾಡಿನ ಇತಿಹಾಸ ಅಂದರೆ ಶಾಸನ, ವೀರಗಲ್ಲು, ಗುಡಿ ಗೋಪುರ ಅಂತ ನೀವು ಮೈಲಿಗಟ್ಟಲೆ ನಡೆದಿರಿ. ಒಳ್ಳೆಯದೇ. ಆದರೆ ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಮಾರಿಕುಪ್ಪಕ್ಕೆ ಹೋದವರು ಎಷ್ಟು ಮಂದಿ? ಹೋಗದಿರೋದಕ್ಕೆ ಕಾರಣ ಎರಡು. ಅವನು ತಮಿಳನು, ಅದು ಒಂದು. ಅವನು ಅಸ್ಪೃಶ್ಯ, ಅದು ಇನ್ನೊಂದು. ಚಿನ್ನ ಮಾತ್ರ ಕರ್ನಾಟಕದ್ದಾಯಿತು. ಚಿನ್ನ ಅಗೆದವನು ಹೊರಗಿನವನಾಗೇ ಉಳಿದ.

ಈಗ ಕಾಗದಗಳ ವಿಷಯಕ್ಕೆ ಬರೋಣ. ಕಂಪನಿ ತನ್ನ ಆಳುಗಳನ್ನು ನಂಬುತ್ತಿರಲಿಲ್ಲ. ಶಿಫ್ಟು ಮುಗಿಸಿ ಮೇಲೆ ಬಂದವನ ಮೈ ತಡಕಿ ನೋಡಿಯೇ ಮನೆಗೆ ಬಿಡುತ್ತಿದ್ದದ್ದು. ಚಿನ್ನದ ಕಲ್ಲಿನ ಚೂರು ಕೈಯಲ್ಲಿ ಸಿಕ್ಕರೆ ಜೈಲು. ಅದಕ್ಕೆಂದೇ ಮೈಸೂರು ಸಂಸ್ಥಾನ 1897ರಲ್ಲಿ ಗಣಿ ಕಾಯ್ದೆ ಮಾಡಿತು. 1930ರಲ್ಲಿ ಕೂಲಿಗಳ ಬೆರಳಚ್ಚು ತಗೊಂಡು ದಾಖಲೆ ಮಾಡೋಕೆ ಕಂಪನಿ ಹೊರಟಿತು. ನಾವೇನು ಕಳ್ಳರಾ ಅಂತ ಸಾವಿರಾರು ಜನ ಕೆಲಸ ನಿಲ್ಲಿಸಿದರು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ 6 ಮಂದಿ ಕಾರ್ಮಿಕರು ಸತ್ತರು. ಇದೂ ಪರಂಪರೆ ತಾನೇ? ಕಳ್ಳನೆಂದು ಬರೆದ ಪುಸ್ತಕ, ಮುಷ್ಕರದ ಕರಪತ್ರ, ಸಂಘದ ಚಂದಾ ರಶೀದಿ, ತಡಕಿ ನೋಡಿದ ಗೇಟು, ಇವನ್ನೂ ಗಾಜಿನ ಪೆಟ್ಟಿಗೆಯಲ್ಲಿ ಇಡ್ತೀರಾ? ಅಥವಾ ದೊರೆಯ ಟೋಪಿ, ಬೂಟು ಇಟ್ಟು ಕೈ ತೊಳಕೊಳ್ತೀರಾ?

ಕಾಗದ ಅಂದರೆ ಬರೀ ನೆನಪಲ್ಲ, ಸಾಕ್ಷಿ. 1940ರ ದಶಕದಲ್ಲಿ ಈ ಗಣಿಯ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಎದೆ ಪರೀಕ್ಷೆ ಮಾಡಿದಾಗ, ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಹೊಕ್ಕು ಮನುಷ್ಯನನ್ನು ಕೆಮ್ಮಿ ಕೆಮ್ಮಿ ಸಾಯಿಸುವ ರೋಗ ಅದು. ಒಂದು ಎಕ್ಸ್‌ರೇ, ಒಂದು ಆಸ್ಪತ್ರೆ ಚೀಟಿ, ಒಂದು ಹಾಜರಿ ಪುಸ್ತಕದ ಹಾಳೆ ಇದ್ದರೆ ವಿಧವೆಯೊಬ್ಬಳು ಪರಿಹಾರ ಕೇಳಬಹುದು. ಇಷ್ಟು ವರ್ಷ ದುಡಿದೆ ಅಂತ ಮುದುಕನೊಬ್ಬ ರುಜುವಾತು ಮಾಡಬಹುದು. ಲೈನಿನ ಮನೆ ನಮ್ಮದು ಅಂತ ವರ್ಷಗಟ್ಟಲೆ ಅಲೆದ ಕುಟುಂಬಕ್ಕೆ ಒಂದು ಆಧಾರ ಸಿಗಬಹುದು. ಹಾಳೆ ಗೆದ್ದಲು ತಿಂದರೆ ಹಕ್ಕೂ ಗೆದ್ದಲ ಪಾಲು. ಅದಕ್ಕೇ ಬಂಗಲೆ ಉಳಿಸೋದು ಆಳುವವರಿಗೆ ಸುಲಭ. ಬಂಗಲೆ ಯಾರ ಮೇಲೂ ದಾವೆ ಹೂಡೋದಿಲ್ಲ.

ಇನ್ನೊಂದು ಚಿನ್ನ ಅಲ್ಲಿದೆ. ಅದರ ಸುದ್ದಿ ಬಹಳ ಮಂದಿಗೆ ಗೊತ್ತಿಲ್ಲ. ಅಯೋತಿದಾಸ ಪಂಡಿತರ ಬೌದ್ಧ ಸಂಘದ ಶಾಖೆಗಳು 20ನೇ ಶತಮಾನದ ಆರಂಭದಲ್ಲೇ ಮಾರಿಕುಪ್ಪದಲ್ಲಿ, ಚಾಂಪಿಯನ್ ರೀಫ್‌ನಲ್ಲಿ ಬೇರು ಬಿಟ್ಟಿದ್ದವು. ಅವರು 1907ರಲ್ಲಿ ಶುರು ಮಾಡಿದ 'ತಮಿಳನ್' ಪತ್ರಿಕೆ ನಿಂತುಹೋದ ಮೇಲೆ, 1926ರಲ್ಲಿ ಅಪ್ಪಾದುರೈಯಾರ್ ಅದನ್ನು ಈ ಚಿನ್ನದ ಗಣಿಯಿಂದಲೇ ಮತ್ತೆ ಹೊರತಂದರು. ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ದೀಕ್ಷೆ ತಗೊಳ್ಳುವುದಕ್ಕೆ ದಶಕಗಳ ಮೊದಲೇ ಗಣಿಯಿಂದ ಮೇಲೆ ಬಂದ ಕೂಲಿಗಳು ಬುದ್ಧನ ಮಾತು ಓದುತ್ತಿದ್ದರು, ಜಾತಿಯ ಬುಡಕ್ಕೆ ಪ್ರಶ್ನೆ ಹಾಕುತ್ತಿದ್ದರು. ಪತ್ರಿಕೆ ಮಾಡಿ ಕೈ ಸುಟ್ಟುಕೊಂಡ ನಮಗೆ ಗೊತ್ತು, ಎರಡು ಕಾಸಿನ ಕೂಲಿಯಲ್ಲಿ ಚಂದಾ ಎತ್ತಿ ಅಚ್ಚು ಹಾಕಿಸುವ ಕಷ್ಟ. ಆ ಹಳೆಯ ಸಂಚಿಕೆಗಳು, ಸಂಘದ ನಡಾವಳಿಗಳು ಈಗಲೂ ಯಾವ ಯಾವ ಮನೆಯ ಟ್ರಂಕಿನಲ್ಲಿವೆಯೋ! ಟ್ರಂಕಿನ ಒಡೆಯರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ. ಮಕ್ಕಳು ಬೆಳಗಿನ ರೈಲಿಗೆ ನೇತುಬಿದ್ದು ಬೆಂಗಳೂರಿಗೆ ಕೂಲಿಗೆ ಹೋಗುತ್ತಿದ್ದಾರೆ. ಟ್ರಂಕು ತೆಗೆದು ನೋಡೋಕೆ ಅವರಿಗೆ ಪುರಸೊತ್ತೆಲ್ಲಿ?

ಹೊತ್ತು ಮೀರುತ್ತಿದೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರದ ಸಂಪುಟ ಗಣಿಯ 13 ಸಯನೈಡ್ ದಿಬ್ಬಗಳಲ್ಲಿ ಮತ್ತೆ ಚಿನ್ನ ತೆಗೆಯುವ ಯೋಜನೆಗೆ ಒಪ್ಪಿತು. ಆ ದಿಬ್ಬಗಳು ಬೇರೇನಲ್ಲ. ಮೂರು ತಲೆಮಾರಿನವರು ತಲೆ ಮೇಲೆ ಭೂಮಿ ಹೊತ್ತು ಒಡೆದ ಕಲ್ಲಿನ ಬೂದಿ. ಅದರ ಧೂಳನ್ನು ಗಾಳಿಕಾಲದಲ್ಲಿ ಊಟದ ಜತೆ ಉಂಡವರು ಅದೇ ಲೈನಿನ ಜನ. ದಿಬ್ಬದಲ್ಲಿ ಉಳಿದ ಚಿನ್ನವನ್ನು ಗ್ರಾಂ ಲೆಕ್ಕದಲ್ಲಿ ಅಳೆಯೋಕೆ ಸರ್ಕಾರಕ್ಕೆ ಬಿಡುವಿದೆ. ಬೀರುವಿನಲ್ಲಿ ಉಳಿದ ಕಾಗದ ಎಣಿಸೋಕೆ ಬಿಡುವಿಲ್ಲವೆ?

ಅದಕ್ಕೆ ನಮ್ಮ ಬೇಡಿಕೆಗಳು ನೇರ. ಗಣಿಯ ಕಚೇರಿ, ಆಸ್ಪತ್ರೆಗಳಲ್ಲಿ ಉಳಿದಿರುವ ಪ್ರತಿಯೊಂದು ಕಾಗದದ ಪಟ್ಟಿ ಆಗಲಿ. ಅಲ್ಲಿಯವರೆಗೆ ಒಂದು ಹಾಳೆ, ಒಂದು ಯಂತ್ರ ಗುಜರಿಗೆ ಹೋಗಬಾರದು. ಆ ಕಾಗದ ಕಾರ್ಮಿಕ ಕುಟುಂಬಗಳಿಗೆ ಕೇಳಿದಾಗ ಸಿಗಬೇಕು, ತಮಿಳಲ್ಲೂ ಕನ್ನಡದಲ್ಲೂ ಓದೋಕೆ ಸಿಗಬೇಕು. ದಿಲ್ಲಿಗೋ ಲಂಡನ್ನಿಗೋ ಅಲ್ಲ, ಅದೇ ಊರಲ್ಲಿ ಇರಬೇಕು. ಬದುಕಿರುವ ಹಿರಿಯರ ಮಾತನ್ನು, ಹೆಂಗಸರ ಮಾತನ್ನೂ, ಧ್ವನಿಮುದ್ರಣ ಮಾಡಬೇಕು. ಒಂದು ಸಾಲು ಲೈನು ಮನೆಯನ್ನು ಇದ್ದ ಹಾಗೇ ಉಳಿಸಬೇಕು. ಬಂಗಲೆಯ ಸ್ನಾನದ ತೊಟ್ಟಿ ತೋರಿಸುವವರು ಲೈನಿನ ಒಣ ಕಕ್ಕಸಿನ ಬಕೆಟ್ಟನ್ನೂ ತೋರಿಸಲಿ. ಗಣಿ ಮುಚ್ಚಿ ಹತ್ತು ವರ್ಷವಾದ ಮೇಲೆ, 2011ರಲ್ಲಿ, ಇದೇ ಊರಿನಲ್ಲಿ ಮಲದ ಗುಂಡಿಗೆ ಇಳಿದ ಮೂವರು ಸತ್ತರು. ಅವರ ಹೆಸರೂ ಆ ಗೋಡೆಯ ಮೇಲೆ ಬರಲಿ. ಇದನ್ನೆಲ್ಲ ನಡೆಸುವ ಸಮಿತಿಯಲ್ಲಿ ಅರ್ಧಕ್ಕರ್ಧ ಗಣಿಗೆ ಇಳಿದವರು, ಅವರ ಮಕ್ಕಳು ಇರಲಿ.

ಸರ್ಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ ಗೆಳೆಯರೆ. ಕೋಲಾರ ಜಿಲ್ಲೆಯಲ್ಲಿ ನಮ್ಮ ಸಂಘಟನೆಯ ಹುಡುಗರಿದ್ದಾರೆ. ರಜೆಯ ದಿನ ಒಂದೊಂದು ಲೈನಿಗೆ ಹೋಗಿ. ಮನೆಯವರನ್ನು ಕೇಳಿ ಟ್ರಂಕು ತೆಗೆಸಿ. ಹಳೆ ಟೋಕನ್ನು, ಪಾಸು, ಕರಪತ್ರ, ಫೋಟೊ ಏನಿದ್ದರೂ ಚಿತ್ರ ತೆಗೆದುಕೊಂಡು ಅಲ್ಲೇ ವಾಪಸು ಕೊಡಿ. ಅವರ ಸ್ವತ್ತು ಅವರ ಮನೆಯಲ್ಲೇ ಇರಲಿ. ಹೆಸರು, ಊರು, ಇಳಿದ ಶಾಫ್ಟು, ಸತ್ತ ವರ್ಷ, ಸತ್ತ ಕಾರಣ ಬರೆದುಕೊಳ್ಳಿ. ಕಂಪನಿ ಬರೆಯದೆ ಬಿಟ್ಟ ಪುಸ್ತಕವನ್ನು ನಾವು ಬರೆಯೋಣ.