ದಾದಿಯರ ಶಿಕ್ಷಣ: ಪ್ರಶ್ನೆಪತ್ರಿಕೆಯಿಂದ ರೋಗಿಯ ಮಂಚದವರೆಗೆ

ದ್ವಿತೀಯ ಪಿ.ಯು.ಸಿ. ಫಲಿತಾಂಶ ಪ್ರಕಟವಾದ ಮರುವಾರವೇ ನಮ್ಮ ಧರ್ಮಕೇಂದ್ರಗಳ ಗುರುನಿವಾಸದ ಜಗಲಿಯಲ್ಲಿ ಒಂದು ಪರಿಚಿತ ದೃಶ್ಯ ಕಾಣತೊಡಗುತ್ತದೆ. ಅಂಕಪಟ್ಟಿಯ ನಕಲನ್ನು ಮಡಚಿ ಹಿಡಿದ ತಂದೆ, ಅವರ ಹಿಂದೆ ತಲೆತಗ್ಗಿಸಿ ನಿಂತ ಮಗಳು. 'ಫಾದರ್, ಹುಡುಗಿಯನ್ನು ನರ್ಸಿಂಗಿಗೆ ಸೇರಿಸಬೇಕೆಂದಿದ್ದೇವೆ, ಸಿಸ್ಟರಮ್ಮನವರಿಗೆ ಒಂದು ಮಾತು ಹೇಳಬೇಕು' ಎಂಬ ಬಿನ್ನಹ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಳ್ಳಿಗಳಿಂದ ಬರುವ ಇಂಥ ಕುಟುಂಬಗಳು ಶುಲ್ಕವೆಷ್ಟು, ವಸತಿಗೃಹ ಹೇಗಿದೆ, ಮುಂದೆ ವಿದೇಶದಲ್ಲಿ ಕೆಲಸ ಸಿಕ್ಕೀತೇ ಎಂದು ವಿಚಾರಿಸುತ್ತವೆ. ನಮ್ಮ ಮಗಳು ಮೊದಲ ಬಾರಿಗೆ ರೋಗಿಯ ನರಕ್ಕೆ ಸೂಜಿ ಚುಚ್ಚುವಾಗ ಅವಳ ಪಕ್ಕದಲ್ಲಿ ಯಾರು ನಿಂತಿರುತ್ತಾರೆ ಎಂದು ಕೇಳುವವರು ವಿರಳ.

ಆ ಪ್ರಶ್ನೆ ಸಣ್ಣದಲ್ಲ. ಲಿಂಡಾ ಐಕೆನ್ ಎಂಬ ಅಮೆರಿಕದ ವಿದುಷಿ ಮತ್ತು ಅವರ ಸಂಗಡಿಗರು ಯೂರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೊಳಗಾದ 4,22,730 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ, 2014ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಮೂವತ್ತು ದಿನಗಳೊಳಗೆ ಸಾವು ಸಂಭವಿಸುವ ಸಾಧ್ಯತೆ ಶೇಕಡಾ 7ರಷ್ಟು ಏರುತ್ತದೆ; ದಾದಿಯರಲ್ಲಿ ಪದವೀಧರರ ಪ್ರಮಾಣ ಶೇಕಡಾ 10ರಷ್ಟು ಹೆಚ್ಚಾದರೆ ಅದೇ ಸಾಧ್ಯತೆ ಶೇಕಡಾ 7ರಷ್ಟು ಇಳಿಯುತ್ತದೆ. ಇದು ಸಂಬಂಧವನ್ನು ತೋರಿಸುವ ಅಧ್ಯಯನವೇ ಹೊರತು ಕಾರಣವನ್ನು ಸಿದ್ಧಪಡಿಸುವುದಲ್ಲ, ನಿಜ. ಆದರೂ ದಾದಿ ಕಲಿತ ಪಾಠಕ್ಕೂ ರೋಗಿಯ ಉಸಿರಿಗೂ ನಂಟಿದೆಯೆಂಬುದನ್ನು ಇನ್ನು ಅಲ್ಲಗಳೆಯುವಂತಿಲ್ಲ.

ನಮ್ಮಲ್ಲಿ ಈ ಶಿಕ್ಷಣದ ಸ್ಥಿತಿಯೇನು? ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಮಗ ಎಚ್.ಡಿ. ದೇವೇಗೌಡರು ದೇಶದ ಪ್ರಧಾನಿಯಾದ 1996ನೆಯ ವರ್ಷದಲ್ಲೇ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಆರಂಭವಾಯಿತು. ರಾಜ್ಯದ ನರ್ಸಿಂಗ್ ಕಾಲೇಜುಗಳು ಅದರ ಆಶ್ರಯಕ್ಕೆ ಬಂದವು. ಕಾಲೇಜುಗಳ ಸಂಖ್ಯೆಯೂ ಬೆಳೆಯಿತು. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪದವಿಯ ಪಠ್ಯಕ್ರಮವನ್ನು ಪರಿಷ್ಕರಿಸಿ ನಾಲ್ಕು ವರ್ಷಗಳನ್ನು ಎಂಟು ಸೆಮಿಸ್ಟರುಗಳಾಗಿ ವಿಂಗಡಿಸಿತು. ಕಂಠಪಾಠಕ್ಕಿಂತ ಕೈಚಳಕಕ್ಕೆ ಒತ್ತು ಕೊಡಬೇಕೆಂದಿತು. 1947ರ ಕಾಯ್ದೆಯ ಬದಲಿಗೆ 2023ರಲ್ಲಿ ಸಂಸತ್ತು ಹೊಸ ಆಯೋಗದ ಕಾಯ್ದೆಯನ್ನೂ ಅಂಗೀಕರಿಸಿತು. ಕಾಗದದ ಮೇಲೆ ಕೊರತೆಯೇನೂ ಕಾಣದು.

ಕೊರತೆ ಇರುವುದು ನಾವು ಯಾವುದನ್ನು ಅಳೆಯುತ್ತೇವೆ ಎಂಬಲ್ಲಿ. ಸ್ನಾತಕೋತ್ತರ ಪದವಿಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಸಂಶೋಧನ ಪ್ರಬಂಧ ಬರೆಯಬೇಕು. ಈ ವಿಶ್ವವಿದ್ಯಾಲಯಕ್ಕೆ ಸಲ್ಲಿಕೆಯಾದ ಪ್ರಬಂಧಗಳ ಶೀರ್ಷಿಕೆಗಳ ಮೇಲೆ ಕಣ್ಣಾಡಿಸಿದರೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥವು ಹೇರಳವಾಗಿ ಸಿಗುತ್ತವೆ: ಇಂತಿಂಥ ವಿಷಯದ ಬಗ್ಗೆ ಇಂತಿಂಥ ಕಾಲೇಜಿನ ನರ್ಸಿಂಗ್ ವಿದ್ಯಾರ್ಥಿಗಳ ಜ್ಞಾನದ ಮೇಲೆ ಯೋಜಿತ ಬೋಧನೆಯ ಪರಿಣಾಮ. ಕ್ರಮವೂ ಬಹುತೇಕ ಒಂದೇ. ಕೈಗೆ ಸಿಕ್ಕ ಐವತ್ತು ಅರವತ್ತು ವಿದ್ಯಾರ್ಥಿಗಳಿಗೆ ಒಂದು ಪ್ರಶ್ನಾವಳಿ, ಬಳಿಕ ಮುಕ್ಕಾಲು ಗಂಟೆಯ ಪಾಠ, ಏಳು ದಿನ ಕಳೆದು ಅದೇ ಪ್ರಶ್ನಾವಳಿ. ಅಂಕಗಳು ಏರಿರುತ್ತವೆ, ಬೋಧನೆ ಪರಿಣಾಮಕಾರಿ ಎಂದು ತೀರ್ಮಾನ. ಪಾಠ ಹೇಳಿಕೊಟ್ಟರೆ ಮಕ್ಕಳು ಕಲಿಯುತ್ತಾರೆಂದು ಅರಿಯಲು ಇಷ್ಟೊಂದು ಪ್ರಬಂಧಗಳು ಬೇಕಿದ್ದವೇ? ಕೈತೊಳೆಯುವ ವಿಧಾನದ ಬಗ್ಗೆ ಪೂರ್ಣಾಂಕ ಗಳಿಸಿದ ವಿದ್ಯಾರ್ಥಿನಿ ಮಧ್ಯರಾತ್ರಿಯ ಪಾಳಿಯಲ್ಲಿ ಒಂದು ಮಂಚದಿಂದ ಇನ್ನೊಂದಕ್ಕೆ ಹೋಗುವಾಗ ಕೈತೊಳೆದಳೇ, ಆರು ತಿಂಗಳ ನಂತರವೂ ತೊಳೆಯುತ್ತಿದ್ದಾಳೆಯೇ ಎಂಬುದನ್ನು ಇಂಥ ಪ್ರಬಂಧ ಹೇಳುವುದಿಲ್ಲ.

ತಪ್ಪು ಆ ವಿದ್ಯಾರ್ಥಿಗಳದ್ದಲ್ಲ. ಎರಡು ವರ್ಷಗಳ ಅವಧಿಯಲ್ಲಿ ತರಗತಿ, ವಾರ್ಡು, ಪರೀಕ್ಷೆಗಳ ನಡುವೆ ಪ್ರಬಂಧ ಮುಗಿಸಬೇಕಾದವರು ಸುಲಭದ ದಾರಿ ಹಿಡಿದರೆ ಆಶ್ಚರ್ಯವಿಲ್ಲ. ಮಾರ್ಗದರ್ಶಕರು ಅದನ್ನೇ ಮಾಡಿ ಬಂದವರು. ಪರೀಕ್ಷಕರು ಅದನ್ನೇ ನಿರೀಕ್ಷಿಸುವವರು.

ಬೇರೆ ರೀತಿಯ ಸಂಶೋಧನೆ ಸಾಧ್ಯವೆಂಬುದಕ್ಕೆ ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಸಾಕ್ಷಿ. ಅಲ್ಲಿನ ಹತ್ತು ನರ್ಸಿಂಗ್ ಶಾಲೆಗಳಲ್ಲಿ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ, ಆಸ್ಪತ್ರೆಯ ತರಬೇತಿಯ ಕಾಲು ಭಾಗವನ್ನು ಒಂದು ಗುಂಪಿಗೂ ಅರ್ಧ ಭಾಗವನ್ನು ಇನ್ನೊಂದಕ್ಕೂ ಮಾನವಾಕೃತಿಯ ಗೊಂಬೆಗಳು ಮತ್ತು ಕೃತಕ ಸನ್ನಿವೇಶಗಳ ಮೂಲಕ ನೀಡಿದರು. ಮೂರನೆಯ ಗುಂಪು ಎಂದಿನಂತೆ ಕಲಿಯಿತು. ಅವರನ್ನು ಕೆಲಸಕ್ಕೆ ಸೇರಿದ ಮೊದಲ ಆರು ತಿಂಗಳವರೆಗೂ ಗಮನಿಸಲಾಯಿತು. ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿ ಗೊಂಬೆ ಕೊಂಡರೆ ಸಾಕೆಂದು ನಮ್ಮ ಆಡಳಿತ ಮಂಡಳಿಗಳು ಭಾವಿಸುವ ಅಪಾಯವಿದೆ. ಆ ಫಲಿತಾಂಶದ ಹಿಂದೆ ತರಬೇತಿ ಪಡೆದ ಬೋಧಕರಿದ್ದರು. ಪ್ರತಿ ಸನ್ನಿವೇಶದ ಬಳಿಕ ಎಲ್ಲಿ ಎಡವಿದೆವೆಂದು ಕೂತು ಮಾತನಾಡುವ ಶಿಸ್ತು ಇತ್ತು. ಬೀಗ ಹಾಕಿದ ಕೋಣೆಯಲ್ಲಿ ಪರಿವೀಕ್ಷಣೆಯ ದಿನಕ್ಕಾಗಿ ಕಾದು ಮಲಗಿರುವ ಗೊಂಬೆ ಯಾರಿಗೂ ಏನನ್ನೂ ಕಲಿಸದು.

ನಮ್ಮ ನಾಡಿಗೇ ವಿಶಿಷ್ಟವಾದ ಇನ್ನೊಂದು ತೊಡಕಿದೆ. ಹರದನಹಳ್ಳಿಯಂಥ ಊರಿನ ವೃದ್ಧೆಯೊಬ್ಬರು ಹಾಸನದ ಆಸ್ಪತ್ರೆಗೆ ಬಂದು 'ಸಂಕಟ ಆಯ್ತದೆ ಕಣವ್ವ' ಎಂದರೆ ಅದು ವಾಂತಿಯ ಮುನ್ಸೂಚನೆಯೇ, ಎದೆಯ ಬಾಧೆಯೇ, ಮನಸ್ಸಿನ ದುಗುಡವೇ? ಹೊಟ್ಟೆ ತೊಳಸುವುದಕ್ಕೂ ಎದೆ ಹಿಡಿದಂತಾಗುವುದಕ್ಕೂ ನಡುವಣ ಅಂತರ ಕೆಲವೊಮ್ಮೆ ಬದುಕಿಗೂ ಸಾವಿಗೂ ನಡುವಣ ಅಂತರ. ಪಠ್ಯಕ್ರಮದ ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಸಂವಹನ ಕಡ್ಡಾಯ. ರೋಗಿಯ ಮಾತನ್ನು ಅರಿಯುವ ಪಾಠಕ್ಕೆ ಅಂಥ ಸ್ಥಾನವಿಲ್ಲ. ಕೇರಳದಿಂದ ಬಂದು ಇಲ್ಲಿ ಓದುವ ವಿದ್ಯಾರ್ಥಿನಿಗೆ ರೋಗಿಯ ಕನ್ನಡ ತಿಳಿಯದು. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹಳ್ಳಿಯ ಹುಡುಗಿಗೆ ಪುಸ್ತಕದ ಇಂಗ್ಲಿಷ್ ತಿಳಿಯದು. ಇವರಿಬ್ಬರನ್ನೂ ಒಂದೇ ಮಂಚದ ಬಳಿ ಜೊತೆಯಾಗಿ ನಿಲ್ಲಿಸಿದರೆ ಏನಾದೀತು? ಒಬ್ಬರಿಂದೊಬ್ಬರು ಕಲಿತಾರೇ? ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ನನಗಂತೂ ತೋಚದು.

ಇಲ್ಲಿ ಕಥೋಲಿಕ ಸಂಸ್ಥೆಗಳ ಹೊಣೆ ದೊಡ್ಡದು. ಬೆಂಗಳೂರಿನಲ್ಲಿ 1886ರಲ್ಲಿ ಗುಡ್ ಶೆಫರ್ಡ್ ಭಗಿನಿಯರು ಕಟ್ಟಿದ ಸಂತ ಮಾರ್ತಮ್ಮನವರ ಆಸ್ಪತ್ರೆ, 1963ರಲ್ಲಿ ಆರಂಭವಾದ ಸಂತ ಯೊವಾನ್ನರ ವೈದ್ಯಕೀಯ ಮಹಾವಿದ್ಯಾಲಯ, ಮಂಗಳೂರಿನ ಫಾದರ್ ಮುಲ್ಲರ್ ಸಂಸ್ಥೆ ಇವುಗಳಿಗೆ ಸ್ವಂತ ವಾರ್ಡುಗಳಿವೆ, ಅನುಭವಿ ಭಗಿನಿಯರ ಪರಂಪರೆಯಿದೆ. ಪ್ರಶ್ನಾವಳಿಯನ್ನು ಬದಿಗಿಟ್ಟು ವಾರ್ಡಿನಲ್ಲೇ ಅಳೆಯುವ ಸಂಶೋಧನೆಗೆ ಇಂಥ ಸಂಸ್ಥೆಗಳು ಮೊದಲಾಗದಿದ್ದರೆ ಬೇರಾರು ಆದಾರು? ಹಾಸನ ಸೀಮೆಯ ಕ್ರೈಸ್ತರ ನಡುವೆಯೂ ದುಡಿದ ಅಬೆ ದುಬ್ವಾ ಸ್ವಾಮಿಗಳು ಮೈಸೂರು ಸಂಸ್ಥಾನದಲ್ಲಿ ಸಿಡುಬಿನ ಲಸಿಕೆಯನ್ನು ಹರಡಿದಾಗ, 1803–04ರಲ್ಲಿ ಲಸಿಕೆ ಪಡೆದವರು 25,432 ಮಂದಿಯೆಂದು ದಾಖಲಾಯಿತು. ಲೆಕ್ಕಕ್ಕೆ ಬಂದದ್ದು ತೋಳುಗಳು. ಲಸಿಕೆಯ ಬಗ್ಗೆ ಎಷ್ಟು ಮಂದಿಗೆ ಜ್ಞಾನವಿತ್ತೆಂಬುದಲ್ಲ. ದಾದಿಯರ ಪಾಲಕ ಸಂತರಾದ ಕಮಿಲ್ಲಸರೂ ಕಾಲಿನ ಹುಣ್ಣಿನಿಂದ ರೋಮಿನ ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಅಲ್ಲಿನ ಸೇವಕರ ಅಸಡ್ಡೆಯನ್ನು ಕಂಡವರು. ಮುಂದೆ ತಮ್ಮ ಸಂಗಡಿಗರಿಗೆ ಶುಶ್ರೂಷೆಯನ್ನು ಮಂಚದ ಬದಿಯಲ್ಲೇ ಕಲಿಸಿದರು.

ಇನ್ನು ಜಗಲಿಯಲ್ಲಿ ಕಾದು ನಿಂತ ತಂದೆಯ ವಿಷಯ. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರಿರಬೇಕೆಂದು ಪರಿಷತ್ತು ನಿಯಮ ಮಾಡಿತ್ತು. ಆ ಬೋಧಕರು ಹಾಜರಿ ಪುಸ್ತಕದಲ್ಲಿದ್ದಾರೆಯೇ, ವಾರ್ಡಿನಲ್ಲಿದ್ದಾರೆಯೇ ಎಂಬುದನ್ನು ಶಿಫಾರಸು ಪತ್ರ ತಿಳಿಸುವುದಿಲ್ಲ. ಕಾಲೇಜಿನ ಕಟ್ಟಡವನ್ನು ನೋಡಿ ಹಿಂದಿರುಗುವ ಬದಲು, ಮಕ್ಕಳು ತರಬೇತಿ ಪಡೆಯುವ ಆಸ್ಪತ್ರೆ ಯಾವುದೆಂದು ಕೇಳಿ ಅಲ್ಲಿಗೂ ಒಮ್ಮೆ ಹೋಗಿ ಬರುವುದು ಒಳಿತು. ಬೆಳಗಿನ ಪಾಳಿಯ ಹೊತ್ತಿಗೆ ಹೋಗಬೇಕು. ವಿದ್ಯಾರ್ಥಿನಿಯರ ಜೊತೆ ಬೋಧಕರೂ ಅಲ್ಲಿರಬೇಕಾದ ಸಮಯವದು.